ಆಡಿಯೊ ಫೈಲ್ ಎಷ್ಟು ಹೊತ್ತಿನದು? ಪ್ರೋಗ್ರಾಮ್ ಬರೆದು ಕಂಡುಹಿಡಿಯುವ ಸಮಗ್ರ ಮಾರ್ಗದರ್ಶಿ

ಶಿರಾ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಒಂದು ಭಾನುವಾರ ತುಮಕೂರಿನ ನಮ್ಮ ಮನೆಗೆ ಬಂದು ಹಾರ್ಡ್ ಡಿಸ್ಕ್ ಒಂದನ್ನು ಟೇಬಲ್ ಮೇಲಿಟ್ಟರು. ಇಪ್ಪತ್ತು ವರ್ಷ ಊರೂರು ತಿರುಗಿ ಹಿಡಿದಿಟ್ಟ ಹಾಡುಗಳು ಅದರಲ್ಲಿದ್ದವು. ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆ ಊದಿ ಹಾಡುವ ಜುಂಜಪ್ಪನ ಪದ, ರಾಗಿ ಬೀಸುವ ಪದ, ಸೋಬಾನೆ. ಒಟ್ಟು 612 ಫೈಲ್.

"ಇದನ್ನೆಲ್ಲ ಕೇಳಿ ಟೈಪ್ ಮಾಡಿಕೊಡೋ ಹುಡುಗರು ಗಂಟೆ ಲೆಕ್ಕದಲ್ಲಿ ದುಡ್ಡು ಕೇಳ್ತಾರೆ. ಒಟ್ಟು ಎಷ್ಟು ಗಂಟೆ ಇದೆ ಅಂತ ಹೇಳಪ್ಪ, ಸಾಕು" ಅಂದರು.

ಅರ್ಧ ಗಂಟೆ ಕೆಲಸ ಅಂದುಕೊಂಡೆ. ಕಾಫಿ ಕುಡಿಯುವಷ್ಟರಲ್ಲಿ ಪ್ರೋಗ್ರಾಮ್ ಬರೆದು 231 ಗಂಟೆ ಅಂತ ಹೇಳಿಯೂಬಿಟ್ಟೆ. ಮೇಷ್ಟ್ರು ಪಟ್ಟಿ ಕೇಳಿದರು, ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲು ನೋಡಿದರು. ಒಂದು ಕಡೆ ಬೆರಳಿಟ್ಟು, "ಇದು ಅರವತ್ತರ ಕ್ಯಾಸೆಟ್ಟು. ಒಂದು ಬದಿಗೆ ಮೂವತ್ತು ನಿಮಿಷ. ಇಲ್ಲಿ 41 ನಿಮಿಷ 35 ಸೆಕೆಂಡ್ ಅಂತಿದೆ. ಹೇಗೆ ಹಿಡಿಸ್ತು?" ಅಂದರು.

ನನ್ನ ಬಳಿ ಉತ್ತರ ಇರಲಿಲ್ಲ. ಮುಂದಿನ ಮೂರು ದಿನ ಆ ಉತ್ತರ ಹುಡುಕುವುದರಲ್ಲೇ ಹೋಯಿತು. ಆ ಮೂರು ದಿನದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಪೈಥಾನ್ ಸ್ವಲ್ಪ ಗೊತ್ತಿದ್ದರೆ ಸಾಕು. ಬೇರೆ ಭಾಷೆ ಬಳಸುವವರಿಗೂ ಲೆಕ್ಕ ಇದೇ. ಕಮ್ಯಾಂಡ್, ಫಂಕ್ಷನ್ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಕೀಬೋರ್ಡಿನಲ್ಲಿ ಹೊಡೆಯುವಾಗ ಮಾತ್ರ ಇಂಗ್ಲಿಷ್ ಅಕ್ಷರ ಬಳಸಿ.

ಮೊದಲು ಲೆಕ್ಕ ಏನು ಅಂತ ನೋಡೋಣ

ಧ್ವನಿಯನ್ನು ಕಂಪ್ಯೂಟರ್ ಚೂರು ಚೂರಾಗಿ ಅಳೆದು ಇಟ್ಟುಕೊಳ್ಳುತ್ತದೆ. ಒಂದೊಂದು ಅಳತೆಗೂ ಸ್ಯಾಂಪಲ್ ಅಂತ ಹೆಸರು. ಸಿಡಿ ಗುಣಮಟ್ಟ ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್. ಹಾಗಾಗಿ ಯಾವ ಫೈಲ್ ಆದರೂ ಸೂತ್ರ ಒಂದೇ:

ಅವಧಿ = ಒಟ್ಟು ಸ್ಯಾಂಪಲ್ ÷ ಸೆಕೆಂಡಿಗೆ ಎಷ್ಟು ಸ್ಯಾಂಪಲ್

ಭಾಗಾಕಾರ ಮೂರನೇ ಕ್ಲಾಸಿನ ಮಗುವಿಗೂ ಬರುತ್ತದೆ. ತಲೆನೋವು ಇರುವುದು 'ಒಟ್ಟು ಸ್ಯಾಂಪಲ್' ಅನ್ನುವ ಸಂಖ್ಯೆಯಲ್ಲಿ. ಕೆಲವು ಫಾರ್ಮ್ಯಾಟ್‌ಗಳು ಒಟ್ಟು ಸ್ಯಾಂಪಲ್ ಎಷ್ಟು ಅಂತ ಫೈಲಿನ ಶುರುವಲ್ಲೇ ಬರೆದಿಟ್ಟಿರುತ್ತವೆ. ಕೆಲವು ಕೊನೆಯಲ್ಲಿ ಬರೆಯುತ್ತವೆ. ಎಂಪಿ3 ಎಷ್ಟೋ ಸಲ ಬರೆಯುವುದೇ ಇಲ್ಲ. ಬರೆದದ್ದೂ ಸರಿ ಇರಬೇಕೆಂದಿಲ್ಲ. ಆದ್ದರಿಂದ ಪ್ರೋಗ್ರಾಮ್ ಕೊಟ್ಟ ಸಂಖ್ಯೆ ನೋಡಿದಾಗಲೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದು ಎಣಿಸಿದ್ದಾ, ಫೈಲ್ ಹೇಳಿದ್ದಾ, ಇಲ್ಲ ಅಂದಾಜಾ?

ಅವಸರ ಇರುವವರಿಗೆ

ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಆಡಿಯೊ-ವಿಡಿಯೊ ಟೂಲ್ ಹಾಕಿಕೊಳ್ಳಿ. ಅದರ ಜೊತೆ ಎಫ್‌ಎಫ್‌ಪ್ರೋಬ್ ಅನ್ನುವ ಪುಟ್ಟ ಕಮ್ಯಾಂಡ್ ಬರುತ್ತದೆ. ಅದಕ್ಕೆ 'ಶೋ ಎಂಟ್ರೀಸ್' ಆಯ್ಕೆಯಲ್ಲಿ ಫಾರ್ಮ್ಯಾಟ್‌ನ ಡ್ಯೂರೇಷನ್ ಮಾತ್ರ ಕೇಳಿ. 'ಓಎಫ್' ಆಯ್ಕೆಗೆ 'ಸಿಎಸ್‌ವಿ=ಪಿ=0' ಅಂತ ಕೊಟ್ಟರೆ ಹೆಸರು, ಚೌಕಟ್ಟು ಏನೂ ಇಲ್ಲದೆ ಸೆಕೆಂಡಿನ ಸಂಖ್ಯೆಯೊಂದೇ ಬರುತ್ತದೆ. ಪೈಥಾನ್‌ನ ಸಬ್‌ಪ್ರೊಸೆಸ್ ಮೂಲಕ ಇದನ್ನೇ ಕರೆದು, ಬಂದ ಅಕ್ಷರಗಳನ್ನು ಫ್ಲೋಟ್ ಮಾಡಿಕೊಂಡರೆ ಮುಗಿಯಿತು. ಹಾಡಿನ ಪ್ಲೇಯರ್‌ಗೆ, ಕಾಲೇಜಿನ ಪ್ರಾಜೆಕ್ಟ್‌ಗೆ ಇಷ್ಟು ಸಾಕು.

ಆದರೆ ಇಲ್ಲೊಂದು ಗುಂಡಿ ಇದೆ. ಸಿಕ್ಕ ಸಿಕ್ಕ ಕಡೆ ಈ ಕಮ್ಯಾಂಡಿನ ಜೊತೆ 'ವಿ ಎರರ್' ಅನ್ನುವ ಆಯ್ಕೆಯೂ ಅಂಟಿಕೊಂಡು ಬರುತ್ತದೆ. ಬೇಡದ ಗಲಾಟೆ ಪರದೆ ಮೇಲೆ ಬರಬಾರದು ಅಂತ. ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಖರ್ಚು ಅನ್ನುವುದು) ನೋಡಿ ಅವಧಿ ಅಂದಾಜು ಮಾಡಿದಾಗ ಎಫ್‌ಎಫ್‌ಪ್ರೋಬ್ ಪ್ರಾಮಾಣಿಕವಾಗಿ ಒಂದು ಎಚ್ಚರಿಕೆ ಕೊಡುತ್ತದೆ: ಇದು ಅಂದಾಜು, ನಿಖರ ಇರಲಿಕ್ಕಿಲ್ಲ ಅಂತ. ಅದು ಎಚ್ಚರಿಕೆಯ ಮಟ್ಟದ ಮಾತು, ಎರರ್ ಅಲ್ಲ. ನಾವು 'ಎರರ್ ಮಾತ್ರ ಹೇಳು' ಅಂದಿರುತ್ತೇವಲ್ಲ, ಪಾಪ, ಅದು ಬಾಯಿ ಮುಚ್ಚಿಕೊಳ್ಳುತ್ತದೆ. ನಾನು ಎರಡನೇ ಸಲ ಮೋಸ ಹೋದದ್ದು ಹೀಗೆ. ಅಲ್ಲಿ 'ವಾರ್ನಿಂಗ್' ಅಂತ ಹಾಕಿ, ಎರರ್ ಸ್ಟ್ರೀಮಿಗೆ ಏನು ಬರುತ್ತದೆ ಅಂತ ಪ್ರೋಗ್ರಾಮಿನಲ್ಲೇ ಓದಿ. 'ಎಸ್ಟಿಮೇಟಿಂಗ್' ಅನ್ನುವ ಪದ ಸಿಕ್ಕರೆ ಆ ಫೈಲಿಗೆ ಗುರುತು ಹಾಕಿಡಿ.

ವೇವ್: 44 ಬೈಟಿನ ಜಾತಕ

ಮೇಷ್ಟ್ರ ಕ್ಯಾಸೆಟ್‌ಗಳಲ್ಲಿ ಅರ್ಧದಷ್ಟು ವೇವ್ ಫೈಲ್ ಆಗಿದ್ದವು. ಕಲಿಯಲಿಕ್ಕೆ ಇದಕ್ಕಿಂತ ಒಳ್ಳೆಯ ಫಾರ್ಮ್ಯಾಟ್ ಇಲ್ಲ. ಮೈಕ್ರೋಸಾಫ್ಟ್, ಐಬಿಎಂ ಸೇರಿ 1991ರಲ್ಲಿ ತಂದದ್ದು. ಫೈಲಿನ ಶುರುವಲ್ಲಿ ವಿವರ ಬರೆದಿಟ್ಟ ಒಂದು ಹೆಡರ್ (ಸಾಮಾನ್ಯವಾಗಿ 44 ಬೈಟ್), ಆಮೇಲೆ ಸ್ಯಾಂಪಲ್‌ಗಳ ಸಾಲು. ಅಷ್ಟೇ.

ಪೈಥಾನ್‌ನಲ್ಲಿ 'ವೇವ್' ಮಾಡ್ಯೂಲ್ ಮೊದಲೇ ಇದೆ, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ಫೈಲ್ ತೆರೆಯಿರಿ. 'ಗೆಟ್‌ಎನ್‌ಫ್ರೇಮ್ಸ್' ಕೊಟ್ಟ ಸಂಖ್ಯೆಯನ್ನು 'ಗೆಟ್‌ಫ್ರೇಮ್‌ರೇಟ್' ಕೊಟ್ಟ ಸಂಖ್ಯೆಯಿಂದ ಭಾಗಿಸಿ. ಎರಡು ಸಾಲಿನ ಕೆಲಸ. ಆದರೂ ಒಮ್ಮೆ ಕೈಯಲ್ಲೇ ಮಾಡಿ ನೋಡಿ. ಒಳಗೆ ಏನಿದೆ ಅಂತ ಗೊತ್ತಾದರೆ ಮುಂದೆ ಕೆಟ್ಟ ಫೈಲ್ ಬಂದಾಗ ಕಂಗಾಲಾಗುವುದಿಲ್ಲ.

ಇದು ಮೇಷ್ಟ್ರ ಒಂದು ಫೈಲ್. ಗಾತ್ರ 60,284,744 ಬೈಟ್. ಬೈಟ್‌ಗಳನ್ನು ಸೊನ್ನೆಯಿಂದ ಎಣಿಸಬೇಕು. 22ನೇ ಬೈಟಿನಿಂದ ಎರಡು ಬೈಟ್ ಚಾನೆಲ್ ಎಷ್ಟು ಅನ್ನುವುದು: 1, 0. ಅಂದರೆ ಮೋನೊ. 24ರಿಂದ ನಾಲ್ಕು ಬೈಟ್ ಸ್ಯಾಂಪಲ್ ರೇಟ್: 68, 172, 0, 0. ವೇವ್‌ನಲ್ಲಿ ಚಿಕ್ಕ ಸ್ಥಾನ ಮೊದಲು ಬರುತ್ತದೆ. ಬಿಡಿ, ಹತ್ತು, ನೂರು ಅಂತ ನಾವು ಬಲದಿಂದ ಎಣಿಸಿದರೆ ಇದು ಎಡದಿಂದ ಎಣಿಸುತ್ತದೆ, ಅದೂ 256ರ ಮಗ್ಗಿಯಲ್ಲಿ. ಹಾಗಾಗಿ 68 + 172 × 256 = 44,100. ಸರಿ ಇದೆ. 28ರಿಂದ ನಾಲ್ಕು ಬೈಟ್, ಸೆಕೆಂಡಿಗೆ ಎಷ್ಟು ಬೈಟ್ ಖರ್ಚು ಅನ್ನುವುದು: 136, 88, 1, 0. ಲೆಕ್ಕ ಹಾಕಿದರೆ 88,200. ಸೆಕೆಂಡಿಗೆ 44,100 ಸ್ಯಾಂಪಲ್, ಒಂದೊಂದಕ್ಕೆ ಎರಡು ಬೈಟ್, ಒಂದೇ ಚಾನೆಲ್. ತಾಳೆ ಆಯಿತು. 40ರಿಂದ ನಾಲ್ಕು ಬೈಟ್, ಧ್ವನಿಯ ಒಟ್ಟು ಗಾತ್ರ: 28, 223, 151, 3. ಅಂದರೆ 60,284,700.

60,284,700 ÷ 88,200 = 683.5 ಸೆಕೆಂಡ್

11 ನಿಮಿಷ 23.5 ಸೆಕೆಂಡ್. ಪೈಥಾನ್‌ನ 'ಸ್ಟ್ರಕ್ಟ್' ಮಾಡ್ಯೂಲ್ ಈ ಬೈಟ್ ಕೂಡುವ ಕೆಲಸವನ್ನು ತಾನೇ ಮಾಡುತ್ತದೆ.

ನನ್ನ ಮೊದಲ ಪ್ರೋಗ್ರಾಮಿನಲ್ಲಿ ಒಂದು ಜಾಣತನ ಮಾಡಿದ್ದೆ. ಎಲ್ಲ ಸ್ಟೀರಿಯೊ ಇರುತ್ತೆ ಬಿಡು ಅಂತ ಸೆಕೆಂಡಿಗೆ 1,76,400 ಬೈಟ್ ಅನ್ನುವ ಸಂಖ್ಯೆಯನ್ನು ನೇರವಾಗಿ ಬರೆದುಬಿಟ್ಟಿದ್ದೆ. ಮೇಲಿನ ಫೈಲ್ ಆಗ 5 ನಿಮಿಷ 41 ಸೆಕೆಂಡ್ ಅಂತ ಬಂತು. ಅರ್ಧಕ್ಕೆ ಅರ್ಧ ಗುಳುಂ. ಸಂಖ್ಯೆ ನೋಡಿದರೆ ಅನುಮಾನವೂ ಬರುವುದಿಲ್ಲ, ಹಾಡೊಂದು ಐದು ನಿಮಿಷ ಇರುವುದು ಸಹಜ ಅಲ್ವಾ? ಹೆಡರ್‌ನಲ್ಲಿ ಇರುವುದನ್ನು ಎಂದೂ ಊಹಿಸಬೇಡಿ, ಓದಿ.

ಇನ್ನೊಂದು ಎಡವಟ್ಟು: ಧ್ವನಿ ಯಾವಾಗಲೂ 44ನೇ ಬೈಟಿಗೇ ಶುರುವಾಗುತ್ತದೆ ಅಂತ ನಂಬುವುದು. ನಡುವೆ ಹಾಡಿನ ಹೆಸರು, ರೆಕಾರ್ಡ್ ಮಾಡಿದವರ ಹೆಸರು ಇರುವ 'ಲಿಸ್ಟ್' ಅನ್ನುವ ಚಂಕ್ (ತುಂಡು) ಬಂದು ಕೂತಿರಬಹುದು. ಆಗ 40ನೇ ಬೈಟಿನಲ್ಲಿ ಸಿಗುವುದು ಬೇರೇನೋ. ಸರಿಯಾದ ದಾರಿ ಅಂದರೆ 12ನೇ ಬೈಟಿನಿಂದ ಹೊರಡಿ. ನಾಲ್ಕು ಬೈಟ್ ಹೆಸರು, ನಾಲ್ಕು ಬೈಟ್ ಗಾತ್ರ ಓದಿ. ಹೆಸರು 'ಡೇಟಾ' ಅಲ್ಲದಿದ್ದರೆ ಅಷ್ಟು ಗಾತ್ರ ಹಾರಿ ಮುಂದಿನದಕ್ಕೆ ಹೋಗಿ. ಗಾತ್ರ ಬೆಸ ಸಂಖ್ಯೆ ಆಗಿದ್ದರೆ ಒಂದು ಬೈಟ್ ಜಾಸ್ತಿ ಹಾರಬೇಕು. ಇದನ್ನು ಮರೆತರೆ ಎಲ್ಲ ಒಂದು ಹೆಜ್ಜೆ ಜರುಗಿ ಕಸ ಓದುತ್ತೀರಿ.

ಆಮೇಲೆ ಸೊನ್ನೆ ಸೆಕೆಂಡಿನ ಫೈಲ್‌ಗಳು. ಪಾವಗಡದ ಹತ್ತಿರ ಒಂದು ರಾತ್ರಿ ಮೇಷ್ಟ್ರು ರೆಕಾರ್ಡರ್ ಅನ್ನು ಗೋಡೆಯ ಪ್ಲಗ್ಗಿಗೆ ಹಾಕಿ ಹಾಡು ಹಿಡಿಯುತ್ತಿದ್ದಾಗ ಕರೆಂಟ್ ಹೋಯಿತಂತೆ. 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇರುವ ತಾಲ್ಲೂಕು, ಇರಲಿ. ರೆಕಾರ್ಡರ್ ಮೊದಲು ಗಾತ್ರದ ಜಾಗದಲ್ಲಿ ಸೊನ್ನೆ ಬರೆದು, ನಿಲ್ಲಿಸಿದ ಮೇಲೆ ಬಂದು ಸರಿ ಮಾಡುತ್ತದೆ. ನಿಲ್ಲಿಸುವ ಮೊದಲೇ ಜೀವ ಹೋದರೆ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ವೇವ್ ಮಾಡ್ಯೂಲ್ ಅದನ್ನು ನಂಬಿ 0 ಅನ್ನುತ್ತದೆ. ಧ್ವನಿ ಒಳಗೇ ಇದೆ! ಇಂಥ ಕಡೆ ಹೆಡರಿನ ಮಾತು ಬಿಟ್ಟು, ಫೈಲಿನ ನಿಜವಾದ ಗಾತ್ರದಿಂದ ಡೇಟಾ ಶುರುವಾದ ಜಾಗ ಕಳೆದು, ಸೆಕೆಂಡಿನ ಬೈಟಿನಿಂದ ಭಾಗಿಸಿ. ಹೆಡರ್ ಹೇಳಿದ ಗಾತ್ರ ಫೈಲಿಗಿಂತ ದೊಡ್ಡದಿದ್ದರೂ ಇದೇ ಮದ್ದು.

ಎಂಪಿ3: ಇಲ್ಲಿ ಸ್ವಲ್ಪ ಕೂತು ಓದಿ

41 ನಿಮಿಷದ ಭೂತ ಇದ್ದದ್ದು ಇಲ್ಲೇ.

ಎಂಪಿ3ಗೆ ವೇವ್‌ನಂತೆ ಒಂದೇ ಒಂದು ಹೆಡರ್ ಇಲ್ಲ. ಅದು ಸಾವಿರಾರು ಪುಟ್ಟ ಫ್ರೇಮ್‌ಗಳ ಸರ, ಒಂದೊಂದಕ್ಕೂ ನಾಲ್ಕು ಬೈಟಿನ ಸ್ವಂತ ಹೆಡರ್. ಸಾಮಾನ್ಯ ಎಂಪಿ3ಯಲ್ಲಿ ಒಂದು ಫ್ರೇಮ್ ಅಂದರೆ 1,152 ಸ್ಯಾಂಪಲ್. 44,100ರ ರೇಟಿನಲ್ಲಿ ಸುಮಾರು 26 ಮಿಲಿಸೆಕೆಂಡ್. 24,000ಕ್ಕೆ ಇಳಿದ ಕಡಿಮೆ ರೇಟಿನ ಫೈಲ್‌ಗಳಲ್ಲಿ ಫ್ರೇಮಿಗೆ 576 ಸ್ಯಾಂಪಲ್ ಮಾತ್ರ. ಇದನ್ನು ಗಮನಿಸದಿದ್ದರೆ ಉತ್ತರ ನೇರವಾಗಿ ಎರಡು ಪಟ್ಟು ಆಗುತ್ತದೆ.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಹೀಗಿದೆ. ಬಿಟ್‌ರೇಟ್ 128 ಕಿಲೋಬಿಟ್ ಅಂದರೆ ಸೆಕೆಂಡಿಗೆ 16,000 ಬೈಟ್. ಫೈಲ್ ಗಾತ್ರವನ್ನು ಅದರಿಂದ ಭಾಗಿಸಿದರೆ ಅವಧಿ. ಬಿಟ್‌ರೇಟ್ ಕೊನೆತನಕ ಒಂದೇ ಇದ್ದರೆ ಇದು ಸರಿ. ಆದರೂ ಶುರುವಿನಲ್ಲಿರುವ ಐಡಿ3 ಟ್ಯಾಗ್ ಕಳೆಯಬೇಕು. ಹಾಡಿನ ಹೆಸರು, ಫೋಟೊ ಎಲ್ಲ ಇರುವುದು ಅಲ್ಲಿ. ಮೇಷ್ಟ್ರ ಮೊಮ್ಮಗಳು ಪ್ರತಿ ಹಾಡಿಗೂ ಹಾಡಿದವರ ಫೋಟೊ ಅಂಟಿಸಿದ್ದಳು, ಚಂದವಾಗಿಯೇ. 98,40,000 ಬೈಟಿನ ಒಂದು ಫೈಲಿನಲ್ಲಿ 6,40,000 ಬೈಟ್ ಬರೀ ಅಜ್ಜಿಯ ಫೋಟೊದ ಟ್ಯಾಗ್. ಕಳೆಯದಿದ್ದರೆ 10 ನಿಮಿಷ 15 ಸೆಕೆಂಡ್, ಕಳೆದರೆ 9 ನಿಮಿಷ 35. ಒಂದು ಫೋಟೊಗೆ 40 ಸೆಕೆಂಡ್ ಹಾಡು ಹುಟ್ಟಿಕೊಂಡಿತು.

ಆ ಟ್ಯಾಗಿನ ಗಾತ್ರ ಓದುವುದೂ ಒಂದು ಕಲೆ. ಮೊದಲ ಮೂರು ಬೈಟ್ 'ಐಡಿ3' ಅನ್ನುವ ಅಕ್ಷರ. 6ನೇ ಬೈಟಿನಿಂದ ನಾಲ್ಕು ಬೈಟ್ ಗಾತ್ರ. ಇಲ್ಲಿ ದೊಡ್ಡ ಸ್ಥಾನ ಮೊದಲು, ಅದೂ 128ರ ಮಗ್ಗಿಯಲ್ಲಿ, ಯಾಕೆಂದರೆ ಪ್ರತಿ ಬೈಟಿನಲ್ಲಿ ಏಳೇ ಬಿಟ್ ಬಳಸುತ್ತಾರೆ. ಅಜ್ಜಿಯ ಫೈಲಿನಲ್ಲಿ ಅದು 0, 39, 7, 118. ಹೀಗೆ ಲೆಕ್ಕ: 39 × 16,384 + 7 × 128 + 118 = 6,39,990. ಟ್ಯಾಗಿನ ಸ್ವಂತ ಹೆಡರ್ 10 ಬೈಟ್ ಸೇರಿಸಿದರೆ 6,40,000. ಅಭ್ಯಾಸ ಬಲದಿಂದ 256ರಲ್ಲಿ ಗುಣಿಸಿದರೆ 25 ಲಕ್ಷ ದಾಟುತ್ತದೆ, ಹಾಡಿನ ಹೆಚ್ಚುಕಮ್ಮಿ ಎರಡು ನಿಮಿಷ ಹಾರಿಹೋಗುತ್ತದೆ. ಫೈಲಿನ ಕೊನೆಯ 128 ಬೈಟ್ 'ಟ್ಯಾಗ್' ಅಂತ ಶುರುವಾದರೆ ಅದು ಹಳೇ ಕಾಲದ ಟ್ಯಾಗ್, ಅದನ್ನೂ ಬಿಡಿ.

ಈಗ ನಿಜವಾದ ಸಮಸ್ಯೆ: ವಿಬಿಆರ್. ಅಂದರೆ ಬಿಟ್‌ರೇಟ್ ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತದೆ. ಸದ್ದು ಕಮ್ಮಿ ಇದ್ದಲ್ಲಿ ಕಮ್ಮಿ ಬೈಟ್, ಗಣೆ, ಕಂಠ ಎಲ್ಲ ಸೇರಿ ಏರಿದಲ್ಲಿ ಜಾಸ್ತಿ ಬೈಟ್. ನಮ್ಮ ಹಾಡುಗಾರರು ಮೈಕ್ ಮುಂದೆ ಕೂತ ಕೂಡಲೇ ಹಾಡುವುದಿಲ್ಲ. ಎಲೆ ಅಡಿಕೆ ಉಗಿದು, ಗಂಟಲು ಸರಿ ಮಾಡಿಕೊಂಡು, ಒಂದು ಗಳಿಗೆ ಸುಮ್ನೆ ಕೂತು, ಆಮೇಲೆ ಶುರು. ಆ ಮೌನದ ಮೊದಲ ಫ್ರೇಮ್ 32 ಕಿಲೋಬಿಟ್‌ನದು. ನನ್ನ ಪ್ರೋಗ್ರಾಮ್ ಮೊದಲ ಫ್ರೇಮ್ ನೋಡಿ ಇಡೀ ಫೈಲ್ ಹೀಗೇ ಅಂದುಕೊಂಡಿತು. 99,80,000 ಬೈಟನ್ನು 4,000ದಿಂದ ಭಾಗಿಸಿ 2,495 ಸೆಕೆಂಡ್ ಅಂದಿತು. ಮೇಷ್ಟ್ರ 41 ನಿಮಿಷ 35 ಸೆಕೆಂಡ್!

ಒಳ್ಳೆಯ ಎನ್‌ಕೋಡರ್‌ಗಳು (ಎಂಪಿ3 ಮಾಡಿಕೊಡುವ ಪ್ರೋಗ್ರಾಮ್‌ಗಳು) ಇದಕ್ಕೆ ದಾರಿ ಮಾಡಿರುತ್ತವೆ. ಮೊದಲ ಫ್ರೇಮಿನಲ್ಲಿ ಧ್ವನಿ ಇಡದೆ ಒಟ್ಟು ಎಷ್ಟು ಫ್ರೇಮ್ ಅಂತ ಬರೆದಿಡುತ್ತವೆ. ಆ ಫ್ರೇಮಿನ ಶುರುವಿನಿಂದ 36 ಬೈಟ್ ಆಚೆ (ಮೋನೊ ಆದರೆ 21) 'ಕ್ಸಿಂಗ್' ಅಥವಾ 'ಇನ್ಫೊ' ಅನ್ನುವ ನಾಲ್ಕಕ್ಷರ ಇದೆಯಾ ನೋಡಿ. ಈ ಎರಡು ಜಾಗ 1,152 ಸ್ಯಾಂಪಲ್‌ನ ಫ್ರೇಮ್‌ಗಳಿಗೆ. ಇದ್ದರೆ ಮುಂದಿನ ನಾಲ್ಕು ಬೈಟ್ ಏನೇನು ಇದೆ ಅಂತ ಹೇಳುತ್ತದೆ. ಅದರ ಕಡೆಯ ಬಿಟ್ 1 ಆಗಿದ್ದರೆ ಆಮೇಲಿನ ನಾಲ್ಕು ಬೈಟೇ ಫ್ರೇಮ್ ಸಂಖ್ಯೆ. ಫ್ರಾನ್‌ಹೋಫರ್‌ನವರ ಎನ್‌ಕೋಡರ್ ಆದರೆ 'ವಿಬಿಆರ್‌ಐ' ಅಂತ ಇರುತ್ತದೆ, ಅದು ಯಾವಾಗಲೂ 36ರಲ್ಲೇ.

ಇವು ಯಾವುವೂ ಇಲ್ಲದಿದ್ದರೆ? ಎಣಿಸುವುದೊಂದೇ ದಾರಿ. ಹೆದರಬೇಡಿ, ಡಿಕೋಡ್ ಮಾಡಬೇಕಿಲ್ಲ, ಅಂದರೆ ಧ್ವನಿಯನ್ನು ಬಿಚ್ಚಬೇಕಿಲ್ಲ. ಹೆಡರ್ ನೋಡಿ, ಫ್ರೇಮ್ ಎಷ್ಟು ಉದ್ದ ಅಂತ ಲೆಕ್ಕ ಹಾಕಿ, ಮುಂದಿನದಕ್ಕೆ ಹಾರುವುದು. ಕುಂಟೆಬಿಲ್ಲೆ ಆಟದ ಹಾಗೆ.

ಜಾಗ = ಐಡಿ3 ಟ್ಯಾಗ್ ಮುಗಿದ ಬೈಟ್
ಎಣಿಕೆ = 0
ಫೈಲ್ ಮುಗಿಯುವ ತನಕ:
— ಜಾಗದಿಂದ 4 ಬೈಟ್ ಓದು
— ಸರಿಯಾದ ಹೆಡರ್ ಅಲ್ಲದಿದ್ದರೆ ಜಾಗಕ್ಕೆ 1 ಕೂಡು, ಮತ್ತೆ ಓದು
— ಉದ್ದ = (144 × ಬಿಟ್‌ರೇಟ್ ÷ ಸ್ಯಾಂಪಲ್ ರೇಟ್, ದಶಮಾಂಶ ಬಿಟ್ಟು) + ಪ್ಯಾಡಿಂಗ್
— ಎಣಿಕೆಗೆ 1 ಕೂಡು, ಜಾಗಕ್ಕೆ ಉದ್ದ ಕೂಡು
ಅವಧಿ = ಎಣಿಕೆ × 1152 ÷ ಸ್ಯಾಂಪಲ್ ರೇಟ್

576 ಸ್ಯಾಂಪಲ್‌ನ ಫೈಲ್ ಆದರೆ 144ರ ಬದಲು 72. ಹೆಡರ್ ಗುರುತಿಸುವುದು ಹೀಗೆ: ಮೊದಲ ಬೈಟ್ 255, ಎರಡನೆಯದು ಸಾಮಾನ್ಯ ಎಂಪಿ3ಗೆ 251 ಅಥವಾ 250. ಮೂರನೇ ಬೈಟಿನ ಮೇಲಿನ ನಾಲ್ಕು ಬಿಟ್ ಬಿಟ್‌ರೇಟಿನ ಕೋಡ್ (9 ಅಂದರೆ 128 ಕಿಲೋಬಿಟ್), ಮುಂದಿನ ಎರಡು ಬಿಟ್ ಸ್ಯಾಂಪಲ್ ರೇಟ್ (0 ಅಂದರೆ 44,100, 1 ಅಂದರೆ 48,000, 2 ಅಂದರೆ 32,000), ಆಮೇಲಿನ ಒಂದು ಬಿಟ್ ಪ್ಯಾಡಿಂಗ್ (1 ಆದರೆ ಫ್ರೇಮಿಗೆ ಒಂದು ಬೈಟ್ ಜಾಸ್ತಿ). 128 ಕಿಲೋಬಿಟ್, 44,100 ಆದರೆ ಫ್ರೇಮಿನ ಉದ್ದ 417 ಇಲ್ಲವೇ 418 ಬೈಟ್.

ಒಂದು ಎಚ್ಚರ. 255, 251 ಅನ್ನುವ ಜೋಡಿ ಧ್ವನಿಯ ನಡುವೆಯೂ, ಫೋಟೊದ ಒಳಗೂ ಆಕಸ್ಮಿಕವಾಗಿ ಸಿಗಬಹುದು. ಅದಕ್ಕೇ ಮೊದಲ ಫ್ರೇಮ್ ಸಿಕ್ಕಿತು ಅನ್ನುವ ಮೊದಲು ಅದರ ಉದ್ದದಷ್ಟು ಹಾರಿ ನೋಡಿ. ಅಲ್ಲೂ ಹೆಡರ್ ಇದೆಯಾ? ಇನ್ನೊಂದು ಹಾರಿ, ಅಲ್ಲೂ ಇದೆಯಾ? ಮೂರು ಸಲ ಸಿಕ್ಕರೆ ನಂಬಿ.

ಮೇಷ್ಟ್ರ ಫೈಲಿನಲ್ಲಿ ಹೀಗೆ ಎಣಿಸಿದಾಗ ಸಿಕ್ಕಿದ್ದು 26,400 ಫ್ರೇಮ್. 26,400 × 1,152 ÷ 44,100 = 689.63 ಸೆಕೆಂಡ್. ಹನ್ನೊಂದೂವರೆ ನಿಮಿಷ. ಕ್ಯಾಸೆಟ್ಟಿನ ಬದಿಯಲ್ಲಿ ಆರಾಮಾಗಿ ಹಿಡಿಸುತ್ತದೆ.

ಇಷ್ಟೆಲ್ಲ ಬರೆಯುವ ತಾಳ್ಮೆ ಇಲ್ಲದವರಿಗೆ ಪೈಥಾನ್‌ನಲ್ಲಿ ಮ್ಯೂಟಜೆನ್ ಅನ್ನುವ ಲೈಬ್ರರಿ ಇದೆ. ಫೈಲ್ ಕೊಟ್ಟರೆ 'ಇನ್ಫೊ' ಒಳಗಿನ 'ಲೆಂಗ್ತ್' ನಲ್ಲಿ ಸೆಕೆಂಡ್ ಸಿಗುತ್ತದೆ. ಎಂಪಿ3, ಎಂ4ಎ, ಫ್ಲಾಕ್, ಓಪಸ್ ಎಲ್ಲ ಅದಕ್ಕೆ ಗೊತ್ತು, ವೇಗವೂ ಚೆನ್ನಾಗಿದೆ. ನಾನು ದಿನಾ ಬಳಸುವುದು ಅದನ್ನೇ. ಆದರೆ ಕ್ಸಿಂಗ್ ಇಲ್ಲದ ವಿಬಿಆರ್ ಎದುರು ಅದೂ ನನ್ನ ಹಾಗೆ ಅಂದಾಜು ಹೊಡೆಯುತ್ತದೆ. ಎಂಪಿ3ಗೆ 'ಬಿಟ್‌ರೇಟ್ ಮೋಡ್' ಏನು ಬಂತು ಅಂತ ನೋಡಿ. 'ಅನ್‌ನೋನ್' ಬಂದರೆ ಮಾತ್ರ ಫ್ರೇಮ್ ಎಣಿಸಿ. ಪೈಡಬ್ ಬಳಸುವವರೂ ಇದ್ದಾರೆ. ಅದು ಇಡೀ ಫೈಲನ್ನು ಬಿಚ್ಚಿ ಮೆಮೊರಿಗೆ ತುಂಬಿಕೊಂಡು ಉದ್ದ ಹೇಳುತ್ತದೆ. ಉತ್ತರ ಸರಿ, ಆದರೆ 612 ಫೈಲಿಗೆ ನನ್ನ ಹಳೇ ಲ್ಯಾಪ್‌ಟಾಪ್ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪಾತ್ರೆಯ ಹಾಗೆ ಬಿಸಿಯಾಯಿತು.

ಫೋನಿನ ರೆಕಾರ್ಡಿಂಗ್, ವಾಟ್ಸಾಪ್ ಧ್ವನಿ

ಎಂ4ಎ ಫೈಲ್ ಅಂದರೆ ಡಬ್ಬಿಯೊಳಗೆ ಡಬ್ಬಿ. 'ಮೂವ್' ಅನ್ನುವ ಡಬ್ಬಿ ಹುಡುಕಿ, ಅದರೊಳಗೆ 'ಎಂವಿಎಚ್‌ಡಿ'. ಅದರಲ್ಲಿ ಟೈಮ್‌ಸ್ಕೇಲ್, ಡ್ಯೂರೇಷನ್ ಎರಡು ಸಂಖ್ಯೆ ಅಕ್ಕಪಕ್ಕ ಇರುತ್ತವೆ. ಟೈಮ್‌ಸ್ಕೇಲ್ 1,000, ಡ್ಯೂರೇಷನ್ 7,54,200 ಇದ್ದರೆ 754.2 ಸೆಕೆಂಡ್. ಇಲ್ಲಿ ದೊಡ್ಡ ಸ್ಥಾನ ಮೊದಲು, ವೇವ್‌ಗೆ ಉಲ್ಟಾ. ಡಬ್ಬಿಯ ಆವೃತ್ತಿ 1 ಆಗಿದ್ದರೆ ಡ್ಯೂರೇಷನ್ ನಾಲ್ಕರ ಬದಲು ಎಂಟು ಬೈಟ್. ರೆಕಾರ್ಡಿಂಗ್ ಆ್ಯಪ್‌ಗಳು ಸಾಮಾನ್ಯವಾಗಿ 'ಮೂವ್' ಡಬ್ಬಿಯನ್ನು ಕೊನೆಯಲ್ಲಿ ಬರೆಯುತ್ತವೆ. ಅಷ್ಟರೊಳಗೆ ಬ್ಯಾಟರಿ ಸತ್ತರೆ ಆ ಡಬ್ಬಿಯೇ ಇರುವುದಿಲ್ಲ.

ವಾಟ್ಸಾಪ್‌ನಲ್ಲಿ ಬರುವ ಧ್ವನಿ ಸಂದೇಶಗಳು ಓಗ್ ಅನ್ನುವ ಹೊದಿಕೆಯೊಳಗಿನ ಓಪಸ್. ಇದರಲ್ಲಿ ಉತ್ತರ ಫೈಲಿನ ಬಾಲದಲ್ಲಿದೆ. ಒಂದು ಓಗ್ ಪುಟ ಎಷ್ಟು ದೊಡ್ಡದಾದರೂ 65,307 ಬೈಟ್ ಮೀರುವುದಿಲ್ಲ. ಹಾಗಾಗಿ ಕೊನೆಯ ಅಷ್ಟು ಬೈಟ್ ಮಾತ್ರ ಓದಿ, ಹಿಂದಿನಿಂದ 'ಓಗ್‌ಎಸ್' ಅನ್ನುವ ನಾಲ್ಕಕ್ಷರ ಹುಡುಕಿ. ಅದರ ಶುರುವಿನಿಂದ 6 ಬೈಟ್ ಬಿಟ್ಟು ಮುಂದಿನ 8 ಬೈಟ್, ಅಲ್ಲಿಯವರೆಗಿನ ಸ್ಯಾಂಪಲ್ ಎಣಿಕೆ. ಅದರಿಂದ ಮೊದಲ ಪುಟದ 'ಪ್ರೀ-ಸ್ಕಿಪ್' (ಶುರುವಲ್ಲಿ ಬಿಟ್ಟುಬಿಡಬೇಕಾದ ಸ್ಯಾಂಪಲ್ ಎಷ್ಟು ಅನ್ನುವುದು) ಕಳೆದು 48,000ದಿಂದ ಭಾಗಿಸಿ.

(29,76,312 − 312) ÷ 48,000 = 62 ಸೆಕೆಂಡ್

ಯಾವಾಗಲೂ 48,000. ಮೊದಲ ಪುಟದಲ್ಲಿ 16,000 ಅಂತ ಬರೆದಿರಬಹುದು. ಅದು ಮೂಲ ಧ್ವನಿ ಯಾವ ರೇಟಿನಲ್ಲಿತ್ತು ಅನ್ನುವ ಟಿಪ್ಪಣಿ ಅಷ್ಟೇ. ಅದರಿಂದ ಭಾಗಿಸಿದರೆ ಒಂದು ನಿಮಿಷದ ಮಾತು ಮೂರು ನಿಮಿಷ ಆಗುತ್ತದೆ.

ಹಳೇ ಫೋನ್‌ಗಳ ಎಎಂಆರ್ ಕೂಡ ಸಿಕ್ಕಿತು. ಅದು ಸಲೀಸು. ಮೊದಲ 6 ಬೈಟ್ ಗುರುತು, ಆಮೇಲೆ ಫ್ರೇಮ್‌ಗಳು, ಒಂದೊಂದೂ 20 ಮಿಲಿಸೆಕೆಂಡ್. ಫ್ರೇಮ್ ಎಣಿಸಿ 50ರಿಂದ ಭಾಗಿಸಿ. ಫ್ಲಾಕ್ ಇನ್ನೂ ಸುಲಭ: ಒಟ್ಟು ಸ್ಯಾಂಪಲ್, ಸ್ಯಾಂಪಲ್ ರೇಟ್ ಎರಡೂ ಶುರುವಲ್ಲೇ ಇವೆ.

ಆಂಡ್ರಾಯ್ಡ್ ಆ್ಯಪ್ ಬರೆಯುವವರು ಮೀಡಿಯಾಮೆಟಾಡೇಟಾರಿಟ್ರೀವರ್ ಬಳಸಿ. ಅದು ಮಿಲಿಸೆಕೆಂಡ್ ಕೊಡುತ್ತದೆ, ಅದೂ ಅಕ್ಷರವಾಗಿ. ವೆಬ್ ಪುಟದಲ್ಲಾದರೆ ಆಡಿಯೊ ಎಲಿಮೆಂಟಿನ 'ಡ್ಯೂರೇಷನ್' ಇದೆ, ಆದರೆ 'ಲೋಡೆಡ್‌ಮೆಟಾಡೇಟಾ' ಘಟನೆ ಬರುವ ಮೊದಲು ಕೇಳಿದರೆ 'ಸಂಖ್ಯೆಯೇ ಅಲ್ಲ' ಅನ್ನುತ್ತದೆ. ಕ್ರೋಮ್‌ನಲ್ಲೇ ರೆಕಾರ್ಡ್ ಮಾಡಿದ ಧ್ವನಿಗೆ ಕೆಲವೊಮ್ಮೆ 'ಇನ್ಫಿನಿಟಿ' ಅಂತ ಬರುತ್ತದೆ. ಅನಂತ! ಆಗ 'ಕರೆಂಟ್‌ಟೈಮ್' ಗೆ ದೊಡ್ಡದೊಂದು ಸಂಖ್ಯೆ ಕೊಟ್ಟು ಕೊನೆಗೆ ಓಡಿಸಿ. 'ಡ್ಯೂರೇಷನ್‌ಚೇಂಜ್' ಆದ ಮೇಲೆ ನಿಜವಾದ ಅಂಕಿ ಸಿಗುತ್ತದೆ.

ಎಲ್ಲ ಕೂಡುವಾಗ

ಫೋಲ್ಡರ್ ಒಳಗೆಲ್ಲ ಸುತ್ತಿ, ಫೈಲಿಗೊಂದು ಸಾಲಿನಂತೆ ಸಿಎಸ್‌ವಿಗೆ ಬರೆಯಿರಿ. ನನ್ನ ಪಟ್ಟಿಯಲ್ಲಿ ಹೆಸರು, ಸೆಕೆಂಡ್, ಜೊತೆಗೆ ಮೂರನೇ ಕಾಲಂ ಇದೆ: 'ಎಣಿಸಿದ್ದು', 'ಹೆಡರ್ ಹೇಳಿದ್ದು', 'ಅಂದಾಜು', 'ಗೊತ್ತಿಲ್ಲ'. ಮೂರು ದಿನದ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಕಾಲಂ. ಫೈಲ್ ಕೆಟ್ಟಿದ್ದರೆ ಸೊನ್ನೆ ಬರೆದು ಮುಂದೆ ಹೋಗಬೇಡಿ, 'ಗೊತ್ತಿಲ್ಲ' ಅಂತಲೇ ಬರೆಯಿರಿ. ಮ್ಯೂಟಜೆನ್ ಗುರುತು ಸಿಗದ ಫೈಲಿಗೆ ತಕರಾರು ಮಾಡದೆ 'ನನ್' (ಏನೂ ಇಲ್ಲ) ಕೊಟ್ಟು ಸುಮ್ಮನಾಗುತ್ತದೆ, ಅದನ್ನೂ ಹಿಡಿಯಿರಿ. ಹೆಸರಿನ ಕೊನೆಯಲ್ಲಿ ಎಂಪಿ3 ಅಂತ ಇದ್ದ ಮಾತ್ರಕ್ಕೆ ಅದು ಎಂಪಿ3 ಅಲ್ಲ. ಮೇಷ್ಟ್ರ ಸಂಗ್ರಹದಲ್ಲಿ ಎಂಟು ಫೈಲ್ ಒಳಗೆ ಎಂ4ಎ ಆಗಿದ್ದವು. ಹೆಸರು ನೋಡಬೇಡಿ, ಮೊದಲ ಕೆಲವು ಬೈಟ್ ನೋಡಿ.

ಮೊತ್ತವನ್ನು ಸೆಕೆಂಡಿನ ದಶಮಾಂಶದಲ್ಲೇ ಕೂಡಿ, ಗಂಟೆ ನಿಮಿಷ ಮಾಡುವುದು ಕಟ್ಟಕಡೆಗೆ. ಒಂದೊಂದು ಫೈಲಿನಲ್ಲೂ ದಶಮಾಂಶ ಕತ್ತರಿಸಿದರೆ ಸರಾಸರಿ ಅರ್ಧ ಸೆಕೆಂಡ್ ಹೋಗುತ್ತದೆ. 612 ಫೈಲಿಗೆ ಐದು ನಿಮಿಷ. ದುಡ್ಡಿನ ಲೆಕ್ಕ ಇರುವಾಗ ಇದು ಜಗಳಕ್ಕೆ ಸಾಕು.

ಪ್ರೋಗ್ರಾಮ್ ಸರಿ ಇದೆಯಾ ಅಂತ ನೋಡಲು ಎಫ್‌ಎಫ್‌ಎಂಪೆಗ್‌ನಿಂದಲೇ ಸರಿಯಾಗಿ 10 ಸೆಕೆಂಡಿನ ಒಂದು ಶಿಳ್ಳೆ ಸದ್ದು ಮಾಡಿಸಿ, ಎಲ್ಲ ಫಾರ್ಮ್ಯಾಟಿಗೂ ಬದಲಿಸಿ, ಓಡಿಸಿ. ವೇವ್, ಫ್ಲಾಕ್ ಸರಿಯಾಗಿ 10 ಕೊಡಬೇಕು. ಎಂಪಿ3ಯಲ್ಲಿ ಫ್ರೇಮ್ ಎಣಿಸಿದರೆ 10.03 ಅಥವಾ 10.06 ಬರುತ್ತದೆ, ಗಾಬರಿ ಬೇಡ. ಪೂರ್ತಿ ಫ್ರೇಮ್ ತುಂಬಿಸಲು ಎನ್‌ಕೋಡರ್ ಹಿಂದೆ ಮುಂದೆ ಸ್ವಲ್ಪ ಮೌನ ಸೇರಿಸಿರುತ್ತದೆ. ಯಾವುದಾದರೂ ಫೈಲ್ ಬಗ್ಗೆ ಅನುಮಾನ ಉಳಿದರೆ ಎಫ್‌ಎಫ್‌ಎಂಪೆಗ್‌ಗೆ ಕೊಟ್ಟು ಔಟ್‌ಪುಟ್ ಫಾರ್ಮ್ಯಾಟ್ 'ನಲ್' ಅನ್ನಿ. ಪೂರ್ತಿ ಬಿಚ್ಚಿ, ಎಲ್ಲೂ ಬರೆಯದೆ, ಕೊನೆಯಲ್ಲಿ ತಲುಪಿದ ಸಮಯ ತೋರಿಸುತ್ತದೆ. ನಿಧಾನ, ಆದರೆ ಅದು ನಿಜವಾಗಿ ಬಿಚ್ಚಿ ನೋಡಿದ ಉತ್ತರ.

ಕೊನೆಗೆ ಬಂದ ಮೊತ್ತ 178 ಗಂಟೆ 26 ನಿಮಿಷ. 231ರಿಂದ ಇಳಿಯಿತು. ಮೇಷ್ಟ್ರು ಈ ಸಲವೂ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. ಅರವತ್ತರ ಕ್ಯಾಸೆಟ್ಟಿನ ಯಾವ ಸಾಲೂ ಮೂವತ್ತು ನಿಮಿಷ ದಾಟಿರಲಿಲ್ಲ. 'ಗೊತ್ತಿಲ್ಲ' ಅಂತ ಇದ್ದ ಮೂರು ಸಾಲಿನ ಮೇಲೆ ಬೆರಳು ನಿಂತಿತು. "ಇವೇನಪ್ಪ?"

ಬ್ಯಾಟರಿ ಸತ್ತು 'ಮೂವ್' ಡಬ್ಬಿ ಬರೆಯದೇ ಉಳಿದ ಎಂ4ಎಗಳು. ಅನ್‌ಟ್ರಂಕ್ ಅನ್ನುವ ಟೂಲ್ ಇಂಥವನ್ನು ಎಷ್ಟೋ ಸಲ ಎದ್ದು ಕೂರಿಸುತ್ತದೆ. ಆದರೆ ಅದಕ್ಕೆ ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ರೆಕಾರ್ಡ್ ಆದ ಒಂದು ಒಳ್ಳೆಯ ಫೈಲ್ ಮಾದರಿಗೆ ಬೇಕು. "ಆ ಫೋನ್ ಎಲ್ಲಿದೆ ಸಾರ್?" ಅಂದೆ. ಶಿರಾದ ಮನೆಯ ಅಟ್ಟದಲ್ಲಿ ಇರಬೇಕು ಅಂದರು. ಇನ್ನೂ ಹುಡುಕುತ್ತಿದ್ದಾರೆ.